ಹೆಳವರ ಪಟ್ಟಿಯಾಚೆ

ಸುಗ್ಗಿ ಮುಗಿದು ಜೋಳದ ರಾಶಿ ಮನೆ ಸೇರಿದ ಮೇಲೆ ಭೀಮಾ ಸೀಮೆಯ ಹಳ್ಳಿಗಳಿಗೆ ಹೆಳವರು ಬರುವುದು ವಾಡಿಕೆ. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಮನೆಯ ಮುಂದೆ ನಿಂತು, ಆ ಮನೆತನದ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾರೆ. ಮೂಲ ಊರು ಯಾವುದು, ಅಲ್ಲಿಂದ ಯಾವ ಬರಕ್ಕೋ ಯಾವ ಜಗಳಕ್ಕೋ ಎದ್ದು ಬಂದಿರಿ, ಮನೆದೇವರು ಯಾರು, ಬೆಡಗು ಯಾವುದು, ಮುತ್ಯಾನ ಮುತ್ಯಾನಿಗೆ ಎಷ್ಟು ಗಂಡುಮಕ್ಕಳು, ಅವರಲ್ಲಿ ಯಾರು ಊರಲ್ಲೇ ಉಳಿದರು, ಯಾರು ಬೇರೆ ಊರಿಗೆ ಹೋಗಿ ಒಕ್ಕಲಾದರು, ಎಲ್ಲವೂ ಆ ಮಾತಿನಲ್ಲಿ ಬರುತ್ತದೆ. ಹಿಂದಿನ ಸಲ ಬಂದು ಹೋದ ಮೇಲೆ ಹುಟ್ಟಿದ ಕೂಸುಗಳ ಹೆಸರನ್ನು ಕೇಳಿ ಬರೆದುಕೊಳ್ಳುತ್ತಾರೆ. ಕಾಳು, ಬಟ್ಟೆ, ರೊಕ್ಕ, ಅನುಕೂಲವಿದ್ದ ಮನೆಯಾದರೆ ಒಂದು ಕರು, ಕೊಟ್ಟದ್ದನ್ನು ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಒಬ್ಬ ಹೆಳವನ ಪಾಲಿನ ಮನೆತನಗಳಿಗೆ ಇನ್ನೊಬ್ಬ ಹೆಳವ ಕಾಲಿಡುವುದಿಲ್ಲ. ಹೇಳುವ ಹಕ್ಕೂ ತಂದೆಯಿಂದ ಮಗನಿಗೆ ಇಳಿದು ಬಂದದ್ದು.

ನಾವು ಇದನ್ನು ಹಳ್ಳಿಯ ಒಂದು ಹಳೆಯ ಪದ್ಧತಿ ಎಂದು ನೋಡಿ ಮರೆತಿದ್ದೇವೆ. ಆದರೆ ಇದೇ ವಿಷಯಕ್ಕಾಗಿ, ಅಂದರೆ ತನ್ನ ಹಿರಿಯರು ಯಾರು, ಎಲ್ಲಿಂದ ಬಂದರು ಎಂದು ತಿಳಿಯಲಿಕ್ಕೆ, ಲೋಕದ ಇನ್ನೊಂದು ಮೂಲೆಯಲ್ಲಿ ಜನ ಸಮುದ್ರ ದಾಟಿ ಹೋಗುತ್ತಾರೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಲ್ಲಿ ನೆಲೆಸಿದ ಸ್ಕಾಟಿಷ್ ಮೂಲದವರಿಗೆ ಸ್ಕಾಟ್ಲೆಂಡ್ ಒಂದು ಯಾತ್ರಾಸ್ಥಳ. ಎಡಿನ್‌ಬರೋದ ದಾಖಲೆ ಮನೆಯಲ್ಲಿ ಕುಳಿತು ಮುತ್ತಜ್ಜನ ಹೆಸರು ಹುಡುಕುತ್ತಾರೆ. ಅವನು ದೀಕ್ಷಾಸ್ನಾನ ಪಡೆದ ಇಗರ್ಜಿ, ಅವನು ಬಿಟ್ಟುಹೋದ ಮನೆಯ ಕಲ್ಲಿನ ಗೋಡೆ, ಅವನ ಕುಲದವರು ಸತ್ತ ರಣರಂಗ, ಹೀಗೆ ಒಂದೊಂದೇ ಜಾಗಕ್ಕೆ ಹೋಗಿ ನಿಲ್ಲುತ್ತಾರೆ. 2009ರಲ್ಲಿ, ಕವಿ ರಾಬರ್ಟ್ ಬರ್ನ್ಸ್ ಹುಟ್ಟಿ 250 ವರ್ಷ ತುಂಬಿದಾಗ, ಅಲ್ಲಿನ ಸರ್ಕಾರವೇ ‘ಮನೆಗೆ ಬನ್ನಿ’ ಎಂದು ಈ ದೂರದ ಸಂತಾನವನ್ನು ಕರೆದಿತ್ತು.

ನಮ್ಮಲ್ಲಿ ವಂಶಾವಳಿ ಹೇಳುವವನು ಮನೆಬಾಗಿಲಿಗೆ ಬರುತ್ತಾನೆ, ಅಲ್ಲಿ ಮನೆಯವರೇ ಹುಡುಕಿಕೊಂಡು ಹೋಗಬೇಕು. ಆದರೆ ಮೊದಲು ಅಲ್ಲಿಯೂ ಹೀಗಿರಲಿಲ್ಲ. ಸ್ಕಾಟ್ಲೆಂಡಿನ ಬೆಟ್ಟಸೀಮೆಯ ಗೇಲಿಕ್ ಭಾಷೆಯಲ್ಲಿ ‘ಕ್ಲಾನ್’ ಎಂದರೆ ಮಕ್ಕಳು, ಸಂತಾನ. ಪ್ರತಿಯೊಂದು ಕುಲಕ್ಕೂ ಅದರ ಪೀಳಿಗೆಗಳನ್ನು ಬಾಯಲ್ಲೇ ಹೇಳುವ ಒಬ್ಬ ಹೇಳುಗನಿರುತ್ತಿದ್ದ. 1249ರಲ್ಲಿ ಸ್ಕೋನ್ ಎಂಬಲ್ಲಿ ಮೂರನೆಯ ಅಲೆಕ್ಸಾಂಡರ್ ಎಂಬ ಬಾಲಕನನ್ನು ದೊರೆಯಾಗಿ ಪಟ್ಟಕ್ಕೆ ಕೂರಿಸಿದಾಗ, ಬೆಟ್ಟಸೀಮೆಯ ಮುದುಕನೊಬ್ಬ ಮುಂದೆ ಬಂದು ಅವನ ವಂಶದ ಹೆಸರುಗಳನ್ನು ಗೇಲಿಕ್ಕಿನಲ್ಲಿ ಉದ್ದಕ್ಕೂ ಹೇಳಿದನಂತೆ. ಆಮೇಲೆ ಆ ಕೆಲಸವನ್ನು ಕಾಗದ ವಹಿಸಿಕೊಂಡಿತು. ಇಗರ್ಜಿಗಳು ದೀಕ್ಷಾಸ್ನಾನ, ಮದುವೆಗಳನ್ನು ಬರೆದಿಟ್ಟವು. ಎಡಿನ್‌ಬರೋದಲ್ಲಿ 1774ರಲ್ಲಿ ರಾಬರ್ಟ್ ಆಡಮ್‌ನ ನಕ್ಷೆಯಂತೆ ದಾಖಲೆಗಳಿಗೆಂದೇ ದೊಡ್ಡ ಕಟ್ಟಡ ಕಟ್ಟಲು ತೊಡಗಿದರು. 1855ರ ಜನವರಿ 1ರಿಂದ ಹುಟ್ಟು, ಮದುವೆ, ಸಾವುಗಳನ್ನು ಸರ್ಕಾರವೇ ದಾಖಲಿಸತೊಡಗಿತು. ಆ ದಾಖಲೆಯ ಒಂದು ವಿಶೇಷವನ್ನು ಇಲ್ಲಿ ಹೇಳಲೇಬೇಕು. ಒಬ್ಬ ಮನುಷ್ಯ ಸತ್ತಾಗ ಅವನ ತಂದೆಯ ಹೆಸರಿನ ಜತೆಗೆ ತಾಯಿಯ ಹೆಸರನ್ನೂ, ಅದೂ ಅವಳ ತವರಿನ ಅಡ್ಡಹೆಸರಿನೊಂದಿಗೆ, ಬರೆಯುತ್ತಿದ್ದರು. ಸ್ಕಾಟ್ಲೆಂಡಿನ ಗೋರಿಕಲ್ಲುಗಳ ಮೇಲೂ ಹೆಂಡತಿಯ ಹೆಸರು ಬಹಳಷ್ಟು ಸಲ ಅವಳ ತವರಿನ ಹೆಸರಿನಲ್ಲೇ ಇರುತ್ತದೆ. ಹಾಗಾಗಿ ಅಲ್ಲಿ ಹುಡುಕುವವರಿಗೆ ಅಜ್ಜನ ದಾರಿ ಸಿಕ್ಕಂತೆ ಅಜ್ಜಿಯ ದಾರಿಯೂ ಸಿಗುತ್ತದೆ.

ಹಿರಿಯರನ್ನು ಹುಡುಕುವ ಆಸೆ ಇದ್ದಲ್ಲಿ ಹಿರಿಯರನ್ನು ಕಟ್ಟಿಕೊಳ್ಳುವ ಆಸೆಯೂ ಇರುತ್ತದೆ. ಪ್ರತಿಯೊಂದು ಕುಲಕ್ಕೂ ಒಂದೊಂದು ಬಣ್ಣದ ಚೌಕಳಿ ಬಟ್ಟೆ ಎಂದು ಇಂದು ಅಂಗಡಿಗಳಲ್ಲಿ ಮಾರುವ ಟಾರ್ಟನ್‌ಗಳಲ್ಲಿ ಬಹುಪಾಲು ಹತ್ತೊಂಬತ್ತನೆಯ ಶತಮಾನದ ಕಟ್ಟುಕತೆ. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋಕ್ಕೆ ಬಂದಾಗ, ಕಾದಂಬರಿಕಾರ ವಾಲ್ಟರ್ ಸ್ಕಾಟ್ ನಡೆಸಿಕೊಟ್ಟ ಸಂಭ್ರಮದಲ್ಲಿ ಈ ಬಟ್ಟೆಗೆ ರಾಜಮರ್ಯಾದೆ ಸಿಕ್ಕಿತು. 1746ರಲ್ಲಿ ಬೆಟ್ಟಸೀಮೆಯ ಕುಲಗಳು ಸೋತು ಸತ್ತ ಕಲೋಡನ್ ಬಯಲಿನಲ್ಲಿ ಇಂದು ಕುಲಕ್ಕೊಂದರಂತೆ ಹೆಸರು ಕೆತ್ತಿದ ಕಲ್ಲುಗಳಿವೆ. ಹೋದವರು ತಮ್ಮ ಹೆಸರಿನ ಕಲ್ಲಿನ ಮುಂದೆ ಹೂವಿಟ್ಟು ಕಣ್ಣೊರೆಸಿಕೊಳ್ಳುತ್ತಾರೆ. ಆ ಕಲ್ಲುಗಳನ್ನು ನೆಟ್ಟದ್ದು 1881ರಲ್ಲಿ, ಯುದ್ಧ ಮುಗಿದು ನೂರಾ ಮೂವತ್ತೈದು ವರ್ಷಗಳಾದ ಮೇಲೆ.

ಇದನ್ನು ಓದಿ ನಗುವ ಮೊದಲು ವಿಜಯಪುರದ ಕಡೆ ತಿರುಗಿ ನೋಡಬೇಕು. ಆದಿಲ್‌ಶಾಹಿ ಮನೆತನದ ಮೂಲಪುರುಷ ಯೂಸುಫ್ ಆದಿಲ್ ಖಾನ್ ತುರ್ಕಿಯ ಸುಲ್ತಾನ ಮುರಾದನ ಮಗ ಎಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಅಣ್ಣ ಪಟ್ಟವೇರಿದಾಗ ತಮ್ಮನನ್ನು ಕೊಲ್ಲುವ ಪದ್ಧತಿ ಇತ್ತಂತೆ, ತಾಯಿ ಆ ಕೂಸಿನ ಜಾಗದಲ್ಲಿ ಬೇರೆ ಕೂಸನ್ನಿಟ್ಟು, ವ್ಯಾಪಾರಿಯೊಬ್ಬನ ಕೈಲಿ ಮಗನನ್ನು ಪರ್ಷಿಯಾಕ್ಕೆ ಸಾಗಿಸಿದಳಂತೆ. ಈ ಕತೆ ಬರೆದ ಫಿರಿಶ್ತಾ ಇದ್ದದ್ದು ಇದೇ ವಿಜಯಪುರದಲ್ಲಿ, ಯೂಸುಫನ ವಂಶದವನೇ ಆದ ಎರಡನೆಯ ಇಬ್ರಾಹಿಮನ ಆಶ್ರಯದಲ್ಲಿ. ಅದಕ್ಕೂ ಆರು ಶತಮಾನ ಹಿಂದೆ ಕಲ್ಯಾಣದ ಚಾಳುಕ್ಯರು ತಮ್ಮ ತಾಮ್ರಪಟಗಳಲ್ಲಿ ಇದೇ ಕೆಲಸ ಮಾಡಿದ್ದರು. ತಮ್ಮ ಕುಲದ 59 ಅರಸರು ಅಯೋಧ್ಯೆಯಲ್ಲಿ ಆಳಿದರು, ಬಳಿಕ ದಕ್ಷಿಣಕ್ಕೆ ಬಂದರು ಎಂದು ಐದನೆಯ ವಿಕ್ರಮಾದಿತ್ಯನ ಕಾಲದ ಕೌಠೇಂ ತಾಮ್ರಪಟದಲ್ಲಿ ಬರೆಸಿದ್ದಾರೆ. ಬಾದಾಮಿಯ ಹಳೆಯ ಚಾಳುಕ್ಯರ ಶಾಸನಗಳಲ್ಲಿ ಈ ಅಯೋಧ್ಯೆಯ ಸುದ್ದಿಯೇ ಇಲ್ಲ. ಅರಸು ದೊಡ್ಡವನಾದಂತೆ ಅವನ ಹಿರಿಯರೂ ದೊಡ್ಡವರಾಗುತ್ತ ಹೋಗುತ್ತಾರೆ.

ಹೊಗಳಿಕೆಗಷ್ಟೇ ಆಗಿದ್ದರೆ ಈ ಪಟ್ಟಿಗಳನ್ನು ಮರೆತುಬಿಡಬಹುದಿತ್ತು. ಆದರೆ ವಂಶಾವಳಿ ಎಂದರೆ ಹಕ್ಕಿನ ಪತ್ರ. ಯಾರ ಹೆಸರು ಪಟ್ಟಿಯಲ್ಲಿದೆ, ಯಾರ ಹೆಸರು ಇಲ್ಲ ಎಂಬುದರ ಮೇಲೆ ನಮ್ಮ ಸೀಮೆಯ ಹಣೆಬರಹ ಎರಡು ಸಲ ಬದಲಾಗಿದೆ. ಆ ಎರಡೂ ಕತೆಗಳಲ್ಲಿ ಸ್ಕಾಟ್ಲೆಂಡಿನವರಿದ್ದಾರೆ.

ಮೊದಲನೆಯದು ಕಿತ್ತೂರು. ಮಲ್ಲಸರ್ಜ ದೇಸಾಯಿಯ ಮಗ ಶಿವಲಿಂಗರುದ್ರಸರ್ಜ 1824ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುನ್ನ ಒಬ್ಬ ಹುಡುಗನನ್ನು ದತ್ತು ತೆಗೆದುಕೊಂಡಿದ್ದ. ಆ ದತ್ತಕವನ್ನು ಕಂಪನಿ ಒಪ್ಪಲಿಲ್ಲ. ರಾಣಿ ಚೆನ್ನಮ್ಮ ಬಿಡಲಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತು ಬಿದ್ದ. ಅವನ ಕೈಕೆಳಗಿನ ಇಬ್ಬರು ತರುಣ ಅಧಿಕಾರಿಗಳು ಸೆರೆಸಿಕ್ಕರು. ಅವರಲ್ಲಿ ಒಬ್ಬ ವಾಲ್ಟರ್ ಎಲಿಯಟ್, ಎಡಿನ್‌ಬರೋದಲ್ಲಿ 1803ರಲ್ಲಿ ಹುಟ್ಟಿದವನು. ಚೆನ್ನಮ್ಮ ಸೆರೆಯಾಳುಗಳನ್ನು ಕೊಲ್ಲಲಿಲ್ಲ, ಕೆಲವು ವಾರಗಳ ಮೇಲೆ ಅವರನ್ನು ಬಿಟ್ಟುಕೊಟ್ಟಳು.

ಎರಡನೆಯದು ಸಾತಾರೆ. 1818ರಲ್ಲಿ ಪೇಶ್ವೆಯ ರಾಜ್ಯ ಮುಗಿದಾಗ ಕಂಪನಿಯವರು ಶಿವಾಜಿಯ ವಂಶದವನಿಗೆ ಸಾತಾರೆಯ ಗಾದಿ ಕೊಟ್ಟರು. ವಿಜಯಪುರದ ಸೀಮೆ ಆ ರಾಜ್ಯಕ್ಕೆ ಸೇರಿತು. ಮೊದಲ ನಾಲ್ಕು ವರ್ಷ ರಾಜನ ಹೆಸರಿನಲ್ಲಿ ಆಡಳಿತ ನಡೆಸಿದವನು ಜೇಮ್ಸ್ ಗ್ರಾಂಟ್, ಸ್ಕಾಟ್ಲೆಂಡಿನ ಬ್ಯಾಂಫ್ ಊರಿನವನು. ಮರಾಠರ ಇತಿಹಾಸವನ್ನು ಬರೆದು 1826ರಲ್ಲಿ ಅಚ್ಚುಮಾಡಿಸಿದ ಗ್ರಾಂಟ್ ಡಫ್ ಎಂದರೆ ಇವನೇ. ತಾಯಿಯ ಕಡೆಯ ಈಡನ್ ಜಮೀನು ಕೈಗೆ ಬಂದಾಗ ಆ ಕಡೆಯ ‘ಡಫ್’ ಎಂಬ ಹೆಸರನ್ನೂ ತನ್ನದಕ್ಕೆ ಸೇರಿಸಿಕೊಂಡ. ಹೆಣ್ಣಿನ ದಾರಿಯಿಂದ ಹೊಲ ಬಂದಾಗ ಹೆಣ್ಣಿನ ಕಡೆಯ ಹೆಸರೂ ಬರುವುದು ಅವನ ನಾಡಿನಲ್ಲಿ ಸಹಜವಾಗಿತ್ತು. 1848ರಲ್ಲಿ ಸಾತಾರೆಯ ಕೊನೆಯ ರಾಜ ಔರಸ ಸಂತಾನವಿಲ್ಲದೆ ಸತ್ತ. ಅವನೂ ದತ್ತು ಮಾಡಿಕೊಂಡಿದ್ದ. ಆಗ ಗವರ್ನರ್ ಜನರಲ್ ಆಗಿದ್ದ ಡಾಲ್‌ಹೌಸಿ, ಎಡಿನ್‌ಬರೋದ ಹತ್ತಿರದ ಡಾಲ್‌ಹೌಸಿ ಕೋಟೆಯಲ್ಲಿ ಹುಟ್ಟಿದವನು, ‘ಡಾಲ್‌ಹೌಸಿ’ ಎಂಬ ಬಿರುದನ್ನು ವಂಶದಿಂದಲೇ ಪಡೆದವನು, ಆ ದತ್ತಕವನ್ನು ಒಪ್ಪಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಸೀಮೆ ಕಂಪನಿಯ ನೇರ ಆಳ್ವಿಕೆಗೆ ಬಂದದ್ದು ಹೀಗೆ, ಪಟ್ಟಿಯಲ್ಲಿ ಒಂದು ಹೆಸರನ್ನು ಸೇರಿಸಲು ಒಬ್ಬ ಅಧಿಕಾರಿ ಒಪ್ಪದ ಕಾರಣಕ್ಕೆ.

ಆದರೆ ಬಂದವರೆಲ್ಲ ಪಟ್ಟಿ ಅಳಿಸಲಿಕ್ಕೇ ಬಂದವರಲ್ಲ. ಸ್ಕಾಟ್ಲೆಂಡಿನ ದ್ವೀಪವೊಂದರ ಸ್ಟಾರ್ನೊವೇ ಊರಿನ ಕಾಲಿನ್ ಮೆಕೆಂಜಿ ಹಿಂದೂ ಗಣಿತದ ಕಡೆ ತಿರುಗಿದ್ದೇ ಒಬ್ಬರ ಹಿರಿಯನ ಹುಡುಕಾಟದಿಂದ. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರ್‌ನ ಚರಿತ್ರೆಯನ್ನು ಅವನ ವಂಶದ ನೇಪಿಯರ್ ಪ್ರಭು ಬರೆಯಲು ಹೊರಟಿದ್ದ. ಹಿಂದೂಗಳಿಗೆ ಈ ಗಣಿತ ಗೊತ್ತಿತ್ತೇ ಎಂದು ತಿಳಿಯುವ ಕೆಲಸ ಮೆಕೆಂಜಿಗೆ ಬಂತು. 1783ರಲ್ಲಿ ಇಲ್ಲಿಗೆ ಬಂದವನು ಮರಳಿ ಹೋಗಲೇ ಇಲ್ಲ, 1821ರಲ್ಲಿ ಇಲ್ಲೇ ಸತ್ತ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆದ. ಅಳೆಯುತ್ತಲೇ ಊರೂರಿನ ಕೈಫಿಯತ್ತು, ಪಾಳೆಯಗಾರರ ವಂಶಾವಳಿ, ಶಾಸನದ ಪ್ರತಿಗಳನ್ನು ಗುಡ್ಡೆ ಹಾಕಿದ. ಊರೂರು ತಿರುಗಿ ಅವನ್ನೆಲ್ಲ ಕೂಡಿಸಿದವರಲ್ಲಿ ಮುಖ್ಯರು ಕಾವಲಿ ಬೊರಯ್ಯ, ಲಕ್ಷ್ಮಯ್ಯ ಎಂಬ ತೆಲುಗು ಸೋದರರು. ಸಂಗ್ರಹಕ್ಕೆ ಹೆಸರು ಮಾತ್ರ ಮೆಕೆಂಜಿಯದು.

ಕಿತ್ತೂರಿನಲ್ಲಿ ಸೆರೆಯಾಗಿದ್ದ ಎಲಿಯಟ್ ಆಮೇಲೆ 1833ರವರೆಗೆ ಧಾರವಾಡ ಸೀಮೆಯಲ್ಲೇ ಇದ್ದ. ಸರ್ಕಾರದ ಕಾರಭಾರವೆಲ್ಲ ಮರಾಠಿಯಲ್ಲಿ ನಡೆಯುತ್ತಿದ್ದ ಕಾಲದಲ್ಲಿ, ಈ ನೆಲದ ಜನರ ಮಾತು ಕನ್ನಡ ಎಂದು ಒತ್ತಿ ಹೇಳಿದವರಲ್ಲಿ ಅವನೊಬ್ಬ. ಗುಡಿಗಳಲ್ಲಿ, ಕೆರೆಯ ದಂಡೆಯಲ್ಲಿ, ಹೊಲದ ಬದುವಿನಲ್ಲಿ ಯಾರೂ ಓದದೆ ಬಿದ್ದಿದ್ದ ಶಾಸನಗಳನ್ನು, ಹಳಗನ್ನಡ ಲಿಪಿ ಬಲ್ಲವರ ನೆರವಿನಿಂದ ಪ್ರತಿ ಮಾಡಿಸಿದ. 595 ಶಾಸನಗಳ ಪ್ರತಿಗಳು ಕೂಡಿದವು. ಅವುಗಳ ಆಧಾರದ ಮೇಲೆ ಚಾಳುಕ್ಯ, ಕಲಚುರಿ, ಯಾದವ ಮುಂತಾದ ಮನೆತನಗಳ ಅರಸರು ಒಬ್ಬರ ಹಿಂದೊಬ್ಬರು ಹೇಗೆ ಬಂದರು ಎಂದು ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ 1837ರಲ್ಲಿ ಬರೆದ. ಕನ್ನಡ ಅರಸರ ಕ್ರಮವಾದ ಪಟ್ಟಿ ಹೊಸ ಕಾಲದ ಓದುಗರ ಕೈಗೆ ಸಿಕ್ಕಿದ್ದು ಬಹುಮಟ್ಟಿಗೆ ಅಲ್ಲಿಂದ. 1882ರಲ್ಲಿ ಫ್ಲೀಟ್ ಕನ್ನಡ ಜಿಲ್ಲೆಗಳ ರಾಜವಂಶಗಳ ಬಗ್ಗೆ ಪುಸ್ತಕ ಬರೆದಾಗ ಎಲಿಯಟ್‌ನ ಸಂಗ್ರಹ ಅವನ ಕೈಯಲ್ಲಿತ್ತು. ಕೊನೆಗಾಲದಲ್ಲಿ ಕಣ್ಣು ಕಾಣದಾದರೂ ಎಲಿಯಟ್ ದಕ್ಷಿಣ ಭಾರತದ ನಾಣ್ಯಗಳ ಮೇಲೆ ಪುಸ್ತಕ ಮುಗಿಸಿ, 1887ರಲ್ಲಿ ಸ್ಕಾಟ್ಲೆಂಡಿನ ತೆಂಕಣ ಗಡಿಸೀಮೆಯ ತನ್ನ ಮನೆತನದ ವುಲ್ಫಲೀಯಲ್ಲಿ ತೀರಿಕೊಂಡ. ಒಂದು ವಂಶವನ್ನು ಒಪ್ಪದ ಸರ್ಕಾರದ ನೌಕರ ಹತ್ತಾರು ವಂಶಗಳನ್ನು ಮಣ್ಣಿನಿಂದ ಎತ್ತಿಕೊಟ್ಟ. ಎರಡೂ ನಿಜ.

ಈ ಜನರಲ್ಲಿ ಅನೇಕರ ಗೋರಿಗಳು ನಮ್ಮ ನೆಲದಲ್ಲಿವೆ. ಧಾರವಾಡದಲ್ಲಿ, ದಂಡಿನ ಠಾಣೆಯಾಗಿದ್ದ ಕಲಾದಗಿಯಲ್ಲಿ, ಶ್ರೀರಂಗಪಟ್ಟಣದಲ್ಲಿ ಇವನ್ನು ನೋಡಬಹುದು. ಇನ್ವರ್ನೆಸ್ ಕಡೆಯ ಕರ್ನಲ್ ವಿಲಿಯಂ ಬೈಲಿ 1780ರ ಪೊಳ್ಳಿಲೂರು ಯುದ್ಧದಲ್ಲಿ ಹೈದರ್, ಟಿಪ್ಪುಗಳ ದಂಡಿಗೆ ಸೋತು, ಎರಡು ವರ್ಷ ಸೆರೆಯಲ್ಲಿದ್ದು, 1782ರಲ್ಲಿ ಶ್ರೀರಂಗಪಟ್ಟಣದಲ್ಲಿ ಸತ್ತ. ಅವನಿಗೆ ಗುಂಬಜಿನ ಬಳಿ ಸ್ಮಾರಕ ಕಟ್ಟಿಸಿದವನು ಲಖನೌದಲ್ಲಿ ರೆಸಿಡೆಂಟ್ ಆಗಿದ್ದ ಅವನ ಸೋದರಳಿಯ, 1816ರಲ್ಲಿ. ಅಂದರೆ ಸ್ಕಾಟ್ಲೆಂಡಿನವರು ತಮ್ಮವರ ಜಾಡು ಹಿಡಿದು ಕನ್ನಡ ನಾಡಿಗೆ ಬರಲು ತೊಡಗಿ ಇನ್ನೂರು ವರ್ಷ ದಾಟಿತು. ದಕ್ಷಿಣ ಏಷ್ಯಾದ ಇಂಥ ಗೋರಿಗಳ ಲೆಕ್ಕ ಇಡಲೆಂದೇ 1976ರಲ್ಲಿ ಬ್ರಿಟನ್ನಿನಲ್ಲಿ ಒಂದು ಸಂಘ ಹುಟ್ಟಿತು. ಯಾವ ಊರಿನ ಯಾವ ಕಲ್ಲಿನ ಮೇಲೆ ಯಾರ ಹೆಸರಿದೆ ಎಂದು ಅವರ ಪುಸ್ತಕಗಳು ಹೇಳುತ್ತವೆ. ಆದರೆ ಅದೇ ದಂಡಿನಲ್ಲಿ ಸತ್ತ ನಮ್ಮ ಸಿಪಾಯಿಗಳಿಗೆ ಅಂಥ ಕಲ್ಲು ಸಿಕ್ಕದ್ದು ಅಪರೂಪ.

ಹಾಗಾದರೆ ಅರಸರ ಮನೆತನದಲ್ಲಿ ಹುಟ್ಟದ, ಗೋರಿಕಲ್ಲು ಇಲ್ಲದ ನಮ್ಮಂಥವರು ಹಿರಿಯರನ್ನು ಕಾಣಲು ಎಲ್ಲಿಗೆ ಹೋಗಬೇಕು? ಹಳೆಯ ಇಂಡಿ ತಾಲ್ಲೂಕಿನಲ್ಲೇ ಎರಡು ಜಾಗಗಳಿವೆ.

ಒಂದು ಸಾಲೋಟಗಿ. ಅಲ್ಲಿಯ ಕಂಬದ ಶಾಸನ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ್ದು, ಕ್ರಿ.ಶ. 945ರದ್ದು. ಪಾವಿಟ್ಟಗೆ ಎಂಬುದು ಆಗಿನ ಊರಹೆಸರು. ಕೃಷ್ಣನ ಮಂತ್ರಿ ನಾರಾಯಣ ಇಲ್ಲಿ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಇರಲು 27 ಮನೆಗಳಿದ್ದವು. ದೀಪದ ಎಣ್ಣೆಗೆ ಇಷ್ಟು ಹೊಲ, ಗುರುವಿಗೆ ಇಷ್ಟು ಹೊಲ ಎಂದು ಬಿಟ್ಟಿದ್ದರು. ಊರಿನ ಬ್ರಾಹ್ಮಣರ ಮನೆಗಳಲ್ಲಿ ಮದುವೆ, ಮುಂಜಿ ಆದಾಗ ಶಾಲೆಗೆ ಇಷ್ಟು ಕೊಡಬೇಕೆಂಬ ಕಟ್ಟಳೆ ಇತ್ತು. ಆ ಹುಡುಗರ ಹೆಸರು ಒಂದೂ ಉಳಿದಿಲ್ಲ, ಅವರ ವಂಶ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಅಲ್ಲಿ ಓದುವ ಅವಕಾಶವೂ ಎಲ್ಲ ಜಾತಿಯವರಿಗೆ ಇರಲಿಲ್ಲ, ಅದನ್ನು ಮರೆಮಾಚಬೇಕಿಲ್ಲ. ಆದರೂ ಆ ಕಂಬದ ಮುಂದೆ ನಿಂತಾಗ ಒಂದು ಮಾತು ಹೊಳೆಯುತ್ತದೆ. ಒಂದು ಊರಿಗೆ ರಕ್ತದ ಹಿರಿಯರ ಜತೆಗೆ ಕಟ್ಟಿದ ಹಿರಿಯರೂ ಇರುತ್ತಾರೆ. ತನ್ನ ಮನೆಯ ಮದುವೆಯ ಖರ್ಚಿನಲ್ಲಿ ಯಾರದೋ ನಾಡಿನ, ಯಾರದೋ ಮಗನ ಓದಿಗೆ ಪಾಲು ತೆಗೆದಿಟ್ಟ ಒಕ್ಕಲಿಗೆ ನಾವು ಯಾವ ವರಸೆಯಲ್ಲಿ ಏನಾಗಬೇಕು? ಯಾವ ಹೆಳವನ ಪಟ್ಟಿಯಲ್ಲೂ ಅದಕ್ಕೆ ಹೆಸರಿಲ್ಲ.

ಇನ್ನೊಂದು ಹಲಸಂಗಿ, ಈಗ ಚಡಚಣ ತಾಲ್ಲೂಕಿಗೆ ಸೇರಿದ ಊರು. ಚೆನ್ನಮಲ್ಲಪ್ಪ ಗಲಗಲಿ, ಅಂದರೆ ಮಧುರಚೆನ್ನರು, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ, ಇವರನ್ನು ಹಲಸಂಗಿ ಗೆಳೆಯರು ಎಂದು ಕರೆಯುತ್ತೇವೆ. ಇವರ ಅಡ್ಡಹೆಸರುಗಳನ್ನೇ ನೋಡಿ. ಗಲಗಲಿ ಎಂಬುದು ಕೃಷ್ಣಾ ದಂಡೆಯ ಒಂದು ಊರಿನ ಹೆಸರು, ಸಿಂಪಿ ಎಂಬುದು ಬಟ್ಟೆ ಹೊಲಿಯುವ ಕಸುಬಿನ ಹೆಸರು. ನಮ್ಮ ಕಡೆಯ ಅಡ್ಡಹೆಸರುಗಳು ಹೀಗೆಯೇ, ಒಂದೋ ಬಿಟ್ಟುಬಂದ ಊರನ್ನು ಹೇಳುತ್ತವೆ, ಇಲ್ಲವೇ ಹಿಡಿದ ಕೆಲಸವನ್ನು. ಬೇರೆ ಬೇರೆ ಮನೆತನದ, ಬೇರೆ ಬೇರೆ ಮತದ ಈ ಗೆಳೆಯರು ಕೂಡಿ ಮಾಡಿದ ದೊಡ್ಡ ಕೆಲಸ ಜನಪದ ಹಾಡುಗಳ ಸಂಗ್ರಹ. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಬಂದವು.

ಗರತಿಯ ಹಾಡು ಎಂದರೆ ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸಿನ ಹಾಡು. ಮೂರು ಸಾಲಿನ ತ್ರಿಪದಿಯಲ್ಲಿ ಅವಳು ನೆನೆಯುವುದು ಯಾರನ್ನು? ಹಡೆದವ್ವನನ್ನು, ತವರಿನ ಅಣ್ಣನನ್ನು, ಜತೆ ಆಡಿದ ಗೆಳತಿಯನ್ನು, ತೊಟ್ಟಿಲ ಕೂಸನ್ನು, ಊರದೇವರನ್ನು. ಹೆಳವನ ಪಟ್ಟಿ ಗಂಡಿನಿಂದ ಗಂಡಿಗೆ ನಡೆಯುತ್ತದೆ. ಹೆಣ್ಣು ಅದರಲ್ಲಿ ಬಂದರೂ ಇಂಥ ಊರಿಂದ ತಂದ ಸೊಸೆ ಎಂದು ಬರುತ್ತಾಳೆ, ಅವಳ ಅವ್ವ ಯಾರು, ಅವಳ ಆಯಿ ಯಾರು ಎಂಬಲ್ಲಿಗೆ ಆ ಪಟ್ಟಿ ಹೋಗುವುದಿಲ್ಲ. ಗಂಡಿನ ವಂಶಾವಳಿ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಬೀಸುವ ಕಲ್ಲಿನ ಹಾಡು ಸುರುವಾಗುತ್ತದೆ. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಇಳಿದು ಬಂದ ಆ ಹಾಡುಗಳು ಮದುವೆಯಾಗಿ ಊರು ಬಿಟ್ಟ ಹೆಣ್ಣುಗಳ ಜತೆ ಊರಿಂದೂರಿಗೆ ನಡೆದವು. ಹಾಡಿನಲ್ಲಿ ಹೆಸರಿಲ್ಲ ನಿಜ. ಆದರೆ ಅವಳು ಏನು ಉಂಡಳು, ಯಾವುದಕ್ಕೆ ಅತ್ತಳು, ಯಾರ ದಾರಿ ಕಾದಳು ಎಂಬುದೆಲ್ಲ ಅಲ್ಲಿದೆ. ಹೆಳವನ ಪಟ್ಟಿಯಲ್ಲಿ ಹೆಸರಿದೆ, ಇದಾವುದೂ ಇಲ್ಲ.

ವಿಚಿತ್ರವೆಂದರೆ ಸ್ಕಾಟ್ಲೆಂಡಿನಲ್ಲೂ ಇಂಥ ಕೆಲಸ ನಡೆದದ್ದು ಎಲಿಯಟ್ ಮನೆತನದ ಗಡಿಸೀಮೆಯಲ್ಲೇ. ಎಲಿಯಟ್ಟರು, ಸ್ಕಾಟರು ಮುಂತಾದ ಕುಲಗಳು ಶತಮಾನಗಳ ಕಾಲ ಅಲ್ಲಿ ಒಬ್ಬರ ದನಗಳನ್ನು ಒಬ್ಬರು ಹೊಡೆದುಕೊಂಡು ಹೋಗುತ್ತ ಕಾದಾಡುತ್ತಿದ್ದವು. ಆ ಕಾಳಗಗಳ ಲಾವಣಿಗಳನ್ನು ವಾಲ್ಟರ್ ಸ್ಕಾಟ್ ಕೂಡಿಸಿ 1802 ಮತ್ತು 1803ರಲ್ಲಿ ಸಂಪುಟಗಳಾಗಿ ತಂದ. ಅವನಿಗೆ ಲಾವಣಿ ಹೇಳಿದವರಲ್ಲಿ ಕುರಿ ಕಾಯುತ್ತಲೇ ಕವಿಯಾದ ಜೇಮ್ಸ್ ಹಾಗ್‌ನ ತಾಯಿ ಮಾರ್ಗರೆಟ್ ಲೇಡ್ಲಾ ಒಬ್ಬಳು. ಪುಸ್ತಕ ಕಂಡ ಆ ಮುದುಕಿ ಸಿಟ್ಟಾದಳಂತೆ. ಇವು ಓದುವುದಕ್ಕೆ ಕಟ್ಟಿದವಲ್ಲ, ಹಾಡುವುದಕ್ಕೆ ಕಟ್ಟಿದವು, ಅಚ್ಚುಹಾಕಿ ಕೆಡಿಸಿಬಿಟ್ಟೆ, ಇನ್ನು ಯಾರೂ ಹಾಡುವುದಿಲ್ಲ ಎಂಬುದು ಅವಳ ದೂರು. ನಮ್ಮ ಕಡೆ ಹಾಡು ನಿಂತದ್ದು ಪುಸ್ತಕದಿಂದಲ್ಲ, ಹಿಟ್ಟಿನ ಗಿರಣಿಯಿಂದ. ಗಿರಣಿ ಬಂದು ಹೆಂಗಸರ ರಟ್ಟೆಗೆ ಬಿಡುವು ಸಿಕ್ಕಿತು, ಅದಕ್ಕೆ ಯಾರೂ ಅಳಬೇಕಿಲ್ಲ. ಆದರೆ ಹಲಸಂಗಿಯವರು ಆ ಹೊತ್ತಿಗೆ ಬರೆದಿಡದೆ ಹೋಗಿದ್ದರೆ ಬೀಸುವ ಕಲ್ಲಿನ ಜತೆ ಆ ಹಾಡುಗಳೂ ಮೂಲೆ ಸೇರುತ್ತಿದ್ದವು.

ಈ ಪಟ್ಟಿಗಳ ಪ್ರಶ್ನೆ ಇಂದಿಗೂ ಮುಗಿದಿಲ್ಲ. ಹೆಳವನ ಜಾಗಕ್ಕೆ ಈಗ ನಾಡಕಚೇರಿ ಬಂದಿದೆ. ಮನೆಯ ಹಿರಿಯ ತೀರಿಕೊಂಡ ಮೇಲೆ ಉತಾರದಲ್ಲಿ ಮಕ್ಕಳ ಹೆಸರು ಏರಿಸಬೇಕಾದರೆ ವಂಶವೃಕ್ಷ ಕೊಡಬೇಕು. ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂದ ತಿದ್ದುಪಡಿ, ಆಮೇಲೆ ಇಡೀ ದೇಶಕ್ಕೆ 2005ರಲ್ಲಿ ಬಂದ ತಿದ್ದುಪಡಿ, ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಕೊಟ್ಟವು. ಈ ಹಕ್ಕು ಅವಳಿಗೆ ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟವಾಗಿ ಹೇಳಿತು. ನೂರಾರು ವರ್ಷ ಪಟ್ಟಿಯ ಹೊರಗಿದ್ದ ಹೆಸರು ಕಾನೂನಿನ ಕಾಗದದಲ್ಲಿ ಒಳಗೆ ಬಂತು. ಆದರೂ ವಂಶವೃಕ್ಷ ಬರೆಸುವಾಗ ಹೆಣ್ಣುಮಕ್ಕಳ ಹೆಸರು ಬಿಡುವುದು, ಬರೆಸಿದರೂ ಅಕ್ಕತಂಗಿಯರನ್ನು ಕಚೇರಿಗೆ ಕರೆದೊಯ್ದು ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸುವುದು ಹಳ್ಳಿಗಳಲ್ಲಿ ನಿಂತಿಲ್ಲ. ಒಂದು ಸೀರೆ ಕುಪ್ಪಸ ಕೊಟ್ಟು, ‘ತವರುಮನಿ ಬಾಗಿಲ ತೆರೆದಿರಬೇಕಲ್ಲವ್ವಾ’ ಎಂದರೆ ಸಹಿ ಬೀಳುತ್ತದೆ. ಬೀಸುವ ಕಲ್ಲಿನ ಮುಂದೆ ಅವಳ ಮುತ್ತಜ್ಜಿ ಹಾಡಿದ್ದೂ ಆ ತವರಿನ ಬಾಗಿಲಿಗಾಗಿಯೇ. ದತ್ತು ಮಗನ ಹೆಸರನ್ನು ಕಂಪನಿ ಒಪ್ಪಲಿಲ್ಲವೆಂದು ಕಿತ್ತೂರಿಗಾಗಿ ಮರುಗುವ ನಾವು, ಹೊಟ್ಟೆಯ ಮಗಳ ಹೆಸರನ್ನು ಮನೆಯಲ್ಲೇ ಅಳಿಸುತ್ತಿದ್ದೇವೆ.

ಇನ್ನೊಂದು ಸಂಗತಿಯೂ ಇದೆ. ಸ್ಕಾಟ್ಲೆಂಡಿನ ಬೆಟ್ಟಸೀಮೆಯಲ್ಲಿ ಜಮೀನುದಾರರು ಕುರಿ ಸಾಕಲೆಂದು ರೈತರನ್ನು ಎಬ್ಬಿಸಿದಾಗ ಹಾಳುಬಿದ್ದ ಊರುಗಳ ಗೋಡೆಗಳು ಇನ್ನೂ ನಿಂತಿವೆ, ಮರಿಮಕ್ಕಳು ಹೋಗಿ ಮುಟ್ಟಿ ಬರುತ್ತಾರೆ. ನಮ್ಮ ಜಿಲ್ಲೆಯ ಬಾಗೇವಾಡಿ, ಮುದ್ದೇಬಿಹಾಳದ ಕಡೆ ಮತ್ತು ಬಾಗಲಕೋಟೆ, ಬೀಳಗಿಯ ಕಡೆ ಆ ಭಾಗ್ಯವೂ ಇಲ್ಲ. 1964ರಲ್ಲಿ ಅಡಿಗಲ್ಲು ಹಾಕಿದ ಕೃಷ್ಣಾ ಮೇಲ್ದಂಡೆ ಯೋಜನೆಯಿಂದ ಊರುಗಳು ನೀರಿನ ಕೆಳಗೆ ಹೋದವು. ಕಾಲುವೆ ಬಂದ ಕಡೆ ಹೊಲ ಹಸಿರಾಯಿತು, ಮುಳುಗಿದ ಕಡೆಯವರು ಪುನರ್ವಸತಿ ಕೇಂದ್ರಗಳಲ್ಲಿ ಸಾಲುಮನೆ ಕಟ್ಟಿಕೊಂಡರು. ಬರದ ವರ್ಷಗಳಲ್ಲಿ ಸೊಲ್ಲಾಪುರ, ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋದವರು ಅಲ್ಲಿಯೇ ಮಕ್ಕಳ ಮದುವೆ ಮಾಡಿದರು. ಹೆಳವ ಇವರನ್ನೆಲ್ಲ ಎಲ್ಲಿ ಹುಡುಕಬೇಕು? ಹುಡುಕಿ ಹೋದರೂ ಮೂರನೆಯ ಮಹಡಿಯ ಬಾಗಿಲಲ್ಲಿ ಎತ್ತು ನಿಲ್ಲಿಸಲು ಆಗುವುದಿಲ್ಲ. ಅವನ ಮಕ್ಕಳು ಬೇರೆ ಕೆಲಸ ಹಿಡಿಯುತ್ತಿದ್ದಾರೆ, ಹಿಡಿಯಲೂ ಬೇಕು. ಇನ್ನೊಬ್ಬರ ಹಿರಿಯರ ಹೆಸರು ಹೇಳುತ್ತ ಬೇಡಿ ಉಣ್ಣಬೇಕೆಂದು ಯಾರಿಗೂ ಹೇಳುವಂತಿಲ್ಲ.

ಉಳಿದಿರುವ ಕೆಲಸ ನಮ್ಮದು. ಅದಕ್ಕೆ ಎಡಿನ್‌ಬರೋದಂಥ ಕಟ್ಟಡ ಬೇಕಾಗಿಲ್ಲ. ಮನೆತನದ ಹೆಳವರು ಇನ್ನೂ ಇದ್ದರೆ ಅವರನ್ನು ಕರೆಸಿ, ಅವರ ಹೊತ್ತಿಗೆಯಲ್ಲಿ ಇರುವುದನ್ನು ಅವರ ಒಪ್ಪಿಗೆಯಿಂದ, ಅವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿ, ಬರೆದುಕೊಳ್ಳಬಹುದು. ಆಮೇಲೆ ಮನೆಯ ಹಿರಿಯ ಹೆಂಗಸರ ಹತ್ತಿರ ಕುಳಿತು, ಆಯಿ, ನಿನ್ನ ಅವ್ವನ ಹೆಸರೇನು, ಅವಳ ಅವ್ವ ಯಾವ ಊರವಳು ಎಂದು ಕೇಳಿ ಇನ್ನೊಂದು ಪಟ್ಟಿ ಮಾಡಬಹುದು. ಗಂಡಿನ ಕಡೆ ಏಳೆಂಟು ತಲೆಮಾರು ಸಲೀಸಾಗಿ ಸಿಗುವ ಮನೆಗಳಲ್ಲೂ ಹೆಣ್ಣಿನ ಕಡೆ ಮೂರನೆಯ ತಲೆಮಾರಿಗೇ ಮಾತು ನಿಂತುಬಿಡುವುದು ಹೆಚ್ಚು. ನಿಂತಲ್ಲಿ ಊರಿನ ಹೆಸರಾದರೂ ಸಿಗುತ್ತದೆ. ಬಸ್ಸು ಹತ್ತಿ ಆ ಊರಿಗೆ ಹೋಗಿ, ಅಗಸಿಯ ಕಟ್ಟೆಯ ಮೇಲೆ ಕುಳಿತವರನ್ನು ಕೇಳಿದರೆ ಯಾರಾದರೂ ಒಬ್ಬರು ಮನೆ ತೋರಿಸುತ್ತಾರೆ. ಮುಂದಿನ ಸಲ ನಾಡಕಚೇರಿಯಲ್ಲಿ ವಂಶವೃಕ್ಷ ಬರೆಸುವಾಗ ಆ ಹೆಸರುಗಳನ್ನೂ ಹೇಳಿ ಬರೆಸಿದರೆ ಸಾಕು.